ಅಮೆರಿಕನ್ ಸೇನೆಯ ಕೆಟ್ಟ ಡಿಸ್ಚಾರ್ಜ್ ಸರಿ ಮಾಡಿಸಿಕೊಳ್ಳುವುದು ಹೇಗೆ: ಮೊದಲು ಕಡತ, ಕೊನೆಗೆ ಫಾರ್ಮ್

ಡಿಸ್ಚಾರ್ಜ್ ಅಪ್‌ಗ್ರೇಡ್‌ಗೆ, ಅಂದರೆ ಸೇನೆ ಬಿಡುವಾಗ ಕಾಗದದಲ್ಲಿ ಬರೆದ ದರ್ಜೆ ಮೇಲೇರಿಸಲು, ಅರ್ಜಿ ಹಾಕಿ ಸೋತವರ ಕಾಗದಗಳು ಬಹುಪಾಲು ಒಂದೇ ಥರ ಇರುತ್ತವೆ. ಡಿಡಿ-293 ಫಾರ್ಮ್ ಡೌನ್‌ಲೋಡ್ ಮಾಡಿ, ಒಂದು ರಾತ್ರಿ ಕೂತು ತುಂಬಿಸಿ, "ಆಗ ನಾನು ಚಿಕ್ಕವನಿದ್ದೆ, ಈಗ ಬದಲಾಗಿದ್ದೇನೆ, ಒಂದು ಅವಕಾಶ ಕೊಡಿ" ಅಂತ ಅರ್ಧ ಪುಟ ಬರೆದು ಅಂಚೆಗೆ ಹಾಕಿರುತ್ತಾರೆ. ವರ್ಷಗಟ್ಟಲೆ ಕಾಯುತ್ತಾರೆ. ಆಮೇಲೆ ಬದಲಾವಣೆ ಇಲ್ಲ ಅಂತ ಉತ್ತರ ಬರುತ್ತದೆ. ಅರ್ಜಿ ನೋಡುವ ಬೋರ್ಡ್‌ನವರು ಕಲ್ಲು ಹೃದಯದವರು ಅಂತಲ್ಲ. ಸೇನೆ ಮಾಡಿದ್ದು ಸರಿಯಾಗಿಯೇ ಇರುತ್ತದೆ ಅಂತ ಅಂದುಕೊಂಡೇ ಅವರು ಶುರು ಮಾಡುತ್ತಾರೆ, ತಪ್ಪು ಅಂತ ತೋರಿಸುವ ಭಾರ ಪೂರ್ತಿ ನಿಮ್ಮ ಮೇಲೆ. ಅರ್ಧ ಪುಟದಿಂದ ಆ ಭಾರ ಏಳುವುದಿಲ್ಲ.

ಹಾಗಾಗಿ ಇಲ್ಲಿ ಕ್ರಮ ಉಲ್ಟಾ. ಫಾರ್ಮ್ ಕೊನೆಗೆ ಬರುತ್ತದೆ.

ಅರ್ಥವಾಗಲಿ ಅಂತ ಒಬ್ಬ ಕಾಲ್ಪನಿಕ ಹುಡುಗನನ್ನು ಇಟ್ಟುಕೊಳ್ಳೋಣ. ಹಾಸನದ ಕಡೆಯ ಅಪ್ಪ-ಅಮ್ಮ, ನ್ಯೂಜೆರ್ಸಿಯಲ್ಲಿ ಬೆಳೆದವನು, 19ಕ್ಕೆ ಆರ್ಮಿ ಸೇರಿದ. ಅಫ್ಘಾನಿಸ್ತಾನಕ್ಕೆ ಹೋಗಿ ಬಂದ. ಬಂದು ಐದು ತಿಂಗಳಿಗೆ ಮೂತ್ರ ಪರೀಕ್ಷೆಯಲ್ಲಿ ಗಾಂಜಾ ಸಿಕ್ಕಿತು, ಆಮೇಲೆ 11 ದಿನ ಹೇಳದೆ ಕೇಳದೆ ಕಾಣೆಯಾದ, ಕೊನೆಗೆ 'ಅದರ್ ದ್ಯಾನ್ ಆನರಬಲ್' (ಗೌರವಯುತವಲ್ಲದ ಅನ್ನುವ ದರ್ಜೆ) ಕಾಗದ ಹಿಡಿದು ಮನೆಗೆ ಬಂದ. ಮನೆಯವರು ನೆಂಟರಿಗೆ "ಆರ್ಮಿ ಬಿಟ್ಟ, ಓದ್ತಾನಂತೆ" ಅಂದರು. ಕಾಗದ ಸೂಟ್‌ಕೇಸಿನ ತಳ ಸೇರಿತು. ನಮ್ಮ ಮನೆಗಳಲ್ಲಿ ಹೀಗೇ ಅಲ್ವಾ, ಮಾನಕ್ಕೆ ಹೆದರಿ ಹತ್ತು ವರ್ಷ ಯಾರೂ ಅದನ್ನು ಬಿಚ್ಚಿ ನೋಡುವುದಿಲ್ಲ. ಆದರೆ ಈ ಕೆಲಸದಲ್ಲಿ ಗಡಿಯಾರ ಓಡುತ್ತಿರುತ್ತದೆ.

ಶುರುವಿಗೆ ಎರಡು ಮಾತು. ಇಷ್ಟು ವರ್ಷ ಆದ ಮೇಲೆ, ಅಥವಾ ಆರು ತಿಂಗಳಿಗೆ, ಡಿಸ್ಚಾರ್ಜ್ ತಾನಾಗಿಯೇ ಮೇಲಕ್ಕೆ ಏರುತ್ತದೆ ಅನ್ನುವುದು ಸುಳ್ಳು. ಬ್ಯಾರಕ್‌ಗಳಲ್ಲಿ ಈ ಮಾತು ಇವತ್ತಿಗೂ ಓಡಾಡುತ್ತದೆ. ಅರ್ಜಿ ಹಾಕದೆ ಏನೂ ಆಗುವುದಿಲ್ಲ. ಎರಡನೆಯದು, ಅರ್ಜಿ ಹಾಕಿದರೆ ಇರುವುದೂ ಕೆಳಗಿಳಿಯಬಹುದೇನೋ ಅನ್ನುವ ಭಯ ಬೇಡ, ಬೋರ್ಡ್ ನಿಮ್ಮ ದರ್ಜೆ ಇಳಿಸುವುದಿಲ್ಲ. ಅರ್ಜಿಗೆ ಶುಲ್ಕವೂ ಇಲ್ಲ.

(ಭಾರತೀಯ ಸೇನೆಯಿಂದ ಹೊರಬಂದವರಿಗೆ ಈ ಬರಹ ಅಲ್ಲ. ಅಲ್ಲಿ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್ ಇದೆ, ದಾರಿ ಪೂರ್ತಿ ಬೇರೆ.)

1. ಮೊದಲು ನಿಮ್ಮ ಡಿಡಿ-214 ಸರಿಯಾಗಿ ಓದಿ

ಸೇನೆ ಬಿಡುವಾಗ ಕೊಡುವ ಕಾಗದ ಡಿಡಿ-214. ಇದರಲ್ಲಿ ಚಿಕ್ಕ ಪ್ರತಿ, ದೊಡ್ಡ ಪ್ರತಿ ಅಂತ ಇರುತ್ತವೆ. ಕೆಳಗೆ ಮೂಲೆಯಲ್ಲಿ ಮೆಂಬರ್-1 ಅಂತ ಇದ್ದರೆ ಅದು ಚಿಕ್ಕದು, ನಿಮಗೆ ಬೇಕಾದ ಸಾಲುಗಳೇ ಅದರಲ್ಲಿ ಇರುವುದಿಲ್ಲ. ಮೆಂಬರ್-4 ಪ್ರತಿ ಬೇಕು.

ಅದರಲ್ಲಿ 23ರಿಂದ 30ರವರೆಗಿನ ಕೆಳಭಾಗ ನೋಡಿ. 24ನೇ ಚೌಕದಲ್ಲಿ ಸೇವೆಯ ದರ್ಜೆ. 25ರಲ್ಲಿ ಯಾವ ನಿಯಮದ ಕೆಳಗೆ ಕಳಿಸಿದರು. 26ರಲ್ಲಿ ಕೋಡ್. 27ರಲ್ಲಿ ಮತ್ತೆ ಸೇರಬಹುದೋ ಇಲ್ಲವೋ ಅನ್ನುವ ಕೋಡ್. 28ರಲ್ಲಿ ಮಾತಿನಲ್ಲಿ ಬರೆದ ಕಾರಣ, ಇಲ್ಲಿ 'ಮಿಸ್‌ಕಂಡಕ್ಟ್' (ದುರ್ನಡತೆ) ಅನ್ನುವ ಪದ ಕೂತಿರುತ್ತದೆ. 29ರಲ್ಲಿ ಲೆಕ್ಕಕ್ಕೆ ಬಾರದ ದಿನಗಳು, ನಮ್ಮ ಹುಡುಗನ 11 ದಿನ ಅಲ್ಲಿರುತ್ತದೆ.

ಬಹಳ ಜನ 24 ಮಾತ್ರ ನೋಡಿ ಅದನ್ನಷ್ಟೇ ಬದಲಿಸಿ ಅಂತ ಕೇಳುತ್ತಾರೆ. ಬೋರ್ಡ್ ಒಪ್ಪಿ 24ರಲ್ಲಿ 'ಆನರಬಲ್' ಅಂತ ಮಾಡಿ, 28ರಲ್ಲಿ 'ಮಿಸ್‌ಕಂಡಕ್ಟ್, ಡ್ರಗ್ ಅಬ್ಯೂಸ್' ಅಂತಲೇ ಬಿಟ್ಟರೆ? ಕೆಲಸಕ್ಕೆ ತೆಗೆದುಕೊಳ್ಳುವವರು ಎರಡನ್ನೂ ಓದುತ್ತಾರೆ. ಅದಕ್ಕೆ ಯಾವ ಯಾವ ಚೌಕ ಏನಾಗಬೇಕು ಅಂತ ಈಗಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ದರ್ಜೆಗಳು ಹೀಗೆ: ಆನರಬಲ್, ಅದರ ಕೆಳಗೆ ಜನರಲ್, ಅದರ ಕೆಳಗೆ ಅದರ್ ದ್ಯಾನ್ ಆನರಬಲ್, ಅಂದರೆ ಎಲ್ಲರೂ ಓಟಿಎಚ್ ಅನ್ನುವುದು. ಈ ಮೂರು ಆಡಳಿತದ ಮಟ್ಟದಲ್ಲೇ ಆಗುತ್ತವೆ. ಬ್ಯಾಡ್ ಕಂಡಕ್ಟ್ ಮತ್ತು ಡಿಸಾನರಬಲ್ ಎರಡೂ ಕೋರ್ಟ್ ಮಾರ್ಷಲ್‌ನಿಂದ, ಅಂದರೆ ಸೇನಾ ನ್ಯಾಯಾಲಯದ ವಿಚಾರಣೆಯಿಂದ, ಮಾತ್ರ ಬರುತ್ತವೆ. ಓಟಿಎಚ್ ಸಿಕ್ಕವರು "ನಂದು ಡಿಸಾನರಬಲ್" ಅಂತ ತಾವೇ ಹೇಳಿಕೊಂಡು ಓಡಾಡುವುದನ್ನು ನೋಡಿದ್ದೇನೆ. ಅಲ್ಲ. ಅರ್ಜಿಯಲ್ಲೂ ಹಾಗೆ ಬರೆಯಬೇಡಿ.

2. ಯಾವ ಬಾಗಿಲು ತಟ್ಟಬೇಕು

ಬಾಗಿಲು ಎರಡು. ತಪ್ಪು ಬಾಗಿಲಿಗೆ ಹೋದರೆ ತಿಂಗಳುಗಟ್ಟಲೆ ಕೂತು ವಾಪಸ್ ಬರುತ್ತದೆ.

ಒಂದನೆಯದು ಡಿಸ್ಚಾರ್ಜ್ ರಿವ್ಯೂ ಬೋರ್ಡ್. ಡಿಸ್ಚಾರ್ಜ್ ಆದ ದಿನದಿಂದ 15 ವರ್ಷದೊಳಗೆ ಅರ್ಜಿ ಅಲ್ಲಿಗೆ ಮುಟ್ಟಿರಬೇಕು. ಫಾರ್ಮ್ ಡಿಡಿ-293. ಇದು ದರ್ಜೆ ಮತ್ತು ಕಾರಣ ಬದಲಿಸಬಹುದು. ಜನರಲ್ ಕೋರ್ಟ್ ಮಾರ್ಷಲ್‌ನಿಂದ (ಗಂಭೀರ ಅಪರಾಧಗಳ ದೊಡ್ಡ ಸೇನಾ ನ್ಯಾಯಾಲಯ) ಆದ ಡಿಸ್ಚಾರ್ಜನ್ನು ಇದು ಮುಟ್ಟುವಂತಿಲ್ಲ. ಅದಕ್ಕಿಂತ ಚಿಕ್ಕದಾದ ಸ್ಪೆಷಲ್ ಕೋರ್ಟ್ ಮಾರ್ಷಲ್‌ನ ಬ್ಯಾಡ್ ಕಂಡಕ್ಟ್ ಆದರೆ ಕ್ಷಮೆಯ ಆಧಾರದ ಮೇಲೆ ಮಾತ್ರ ನೋಡುತ್ತದೆ.

ಎರಡನೆಯದು ದಾಖಲೆ ತಿದ್ದುವ ಬೋರ್ಡ್. ಆರ್ಮಿಗೆ ಒಂದು, ನೇವಿ ಮತ್ತು ಮರೀನ್‌ಗೆ ಸೇರಿ ಒಂದು, ಏರ್‌ಫೋರ್ಸ್‌ಗೆ ಒಂದು, ಕೋಸ್ಟ್ ಗಾರ್ಡ್‌ಗೆ ಬೇರೆ. ಫಾರ್ಮ್ ಡಿಡಿ-149. ಇದರ ಕೈ ದೊಡ್ಡದು, ಮೆಡಿಕಲ್ ರಿಟೈರ್‌ಮೆಂಟ್ ಸಹ ಕೊಡಬಹುದು. ತಪ್ಪು ಗೊತ್ತಾದ ದಿನದಿಂದ 3 ವರ್ಷ ಅಂತ ಗಡುವಿದೆ, ಆದರೆ ನ್ಯಾಯದ ದೃಷ್ಟಿಯಿಂದ ಅದನ್ನು ಬಿಟ್ಟುಕೊಡುವ ಅಧಿಕಾರ ಬೋರ್ಡ್‌ಗೆ ಇದೆ. ತಡ ಯಾಕಾಯಿತು ಅಂತ ನೀವು ಬರೆಯಲೇಬೇಕು, ಆ ಜಾಗ ಖಾಲಿ ಬಿಡಬೇಡಿ.

ಲೆಕ್ಕ ಸುಲಭ. 15 ವರ್ಷ ಆಗಿಲ್ಲ, ಜನರಲ್ ಕೋರ್ಟ್ ಮಾರ್ಷಲ್ ಅಲ್ಲ ಅಂದರೆ ಮೊದಲು ರಿವ್ಯೂ ಬೋರ್ಡ್. ಅಲ್ಲಿಗೆ ಹೋಗದೆ ನೇರ ಎರಡನೆಯದಕ್ಕೆ ಹೋದರೆ "ಮೊದಲು ಅಲ್ಲಿ ಮುಗಿಸಿಕೊಂಡು ಬಾ" ಅಂತ ಕಳಿಸುತ್ತಾರೆ. 15 ದಾಟಿದೆ ಅಂದರೆ ಎರಡನೆಯದೇ ಗತಿ. ಯಾವುದು ಅಂತ ಗೊಂದಲ ಇದ್ದರೆ ವಿಎ, ಅಂದರೆ ಮಾಜಿ ಸೈನಿಕರ ಇಲಾಖೆಯ ವೆಬ್‌ಸೈಟಿನಲ್ಲಿ ಡಿಸ್ಚಾರ್ಜ್ ಅಪ್‌ಗ್ರೇಡ್‌ಗೇ ಒಂದು ಪ್ರಶ್ನೋತ್ತರದ ಪುಟ ಇದೆ. ನಾಲ್ಕಾರು ಪ್ರಶ್ನೆಗೆ ಉತ್ತರ ಕೊಟ್ಟರೆ ಯಾವ ಫಾರ್ಮ್, ಯಾವ ವಿಳಾಸ ಅಂತ ಅದೇ ಹೇಳುತ್ತದೆ.

ಇಲ್ಲೊಂದು ಬಲೆ ಇದೆ. ರಿವ್ಯೂ ಬೋರ್ಡ್‌ನಲ್ಲಿ ಎರಡು ಸಲ ಅವಕಾಶ ಸಿಗಬಹುದು: ಮೊದಲು ಕಾಗದ ನೋಡಿ ತೀರ್ಮಾನ, ಅದರಲ್ಲಿ ಸೋತರೆ ಖುದ್ದು ವಿಚಾರಣೆ. ಮೊದಲೇ ವಿಚಾರಣೆ ಕೇಳಿದರೆ ಆಮೇಲೆ ಕಾಗದದ ಅವಕಾಶ ಇಲ್ಲ. ಎರಡೂ 15 ವರ್ಷದೊಳಗೇ ಕೇಳಬೇಕು. ಅಂದರೆ 14ನೇ ವರ್ಷದಲ್ಲಿ ಇರುವವರು ಕಾಗದದ ದಾರಿ ಹಿಡಿದರೆ ಉತ್ತರ ಬರುವಷ್ಟರಲ್ಲಿ ಗಡುವು ಮುಗಿದು, ವಿಚಾರಣೆಯ ಹಕ್ಕು ಹೋಗಿಬಿಡಬಹುದು. ಅಂಥವರು ನೇರ ವಿಚಾರಣೆ ಕೇಳುವುದೇ ಮೇಲು.

3. ಕಡತ ತರಿಸಿ, ಅದು ಬರುವ ತನಕ ಒಂದು ಸಾಲೂ ಬರೆಯಬೇಡಿ

ನಿಮಗೆ ನೆನಪಿರುವುದು ಒಂದು, ಕಡತದಲ್ಲಿರುವುದು ಇನ್ನೊಂದು. ಬೋರ್ಡ್ ಓದುವುದು ಕಡತ.

ಸ್ಟ್ಯಾಂಡರ್ಡ್ ಫಾರ್ಮ್ 180 ತುಂಬಿಸಿ ಸೇಂಟ್ ಲೂಯಿಯಲ್ಲಿರುವ ನ್ಯಾಷನಲ್ ಪರ್ಸನೆಲ್ ರೆಕಾರ್ಡ್ಸ್ ಸೆಂಟರ್‌ಗೆ ಕಳಿಸಬಹುದು, ಅಥವಾ ಅವರ ಆನ್‌ಲೈನ್ ವ್ಯವಸ್ಥೆಯಲ್ಲೇ ಕೇಳಬಹುದು. ಬರೀ "ಡಿಡಿ-214 ಕಳಿಸಿ" ಅಂದರೆ ಅದೊಂದೇ ಹಾಳೆ ಬರುತ್ತದೆ. ಪೂರ್ತಿ ಸಿಬ್ಬಂದಿ ಕಡತ, ಸೆಪರೇಷನ್ ಪ್ಯಾಕೆಟ್ (ನಿಮ್ಮನ್ನು ಹೊರಹಾಕಿದ ಕ್ರಮದ ಕಾಗದಗಳು) ಸಮೇತ, ಜೊತೆಗೆ ಸೇವೆಯಲ್ಲಿದ್ದಾಗಿನ ವೈದ್ಯಕೀಯ ದಾಖಲೆ ಅಂತ ಬಿಡಿಸಿ ಕೇಳಿ. ವಿಎ ಆಸ್ಪತ್ರೆಗೆ ಹೋಗಿದ್ದರೆ ಅಲ್ಲಿನ ದಾಖಲೆ ಬೇರೆ, ಅದನ್ನು ಬೇರೆಯಾಗಿಯೇ ತರಿಸಬೇಕು.

ಕಡತ ಬಂದ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು ತಾರೀಖಿನ ಪ್ರಕಾರ ಪಟ್ಟಿ ಮಾಡಿ. ಸೇರಿದ್ದು, ಬಡ್ತಿ, ಪದಕ, ಯುದ್ಧಭೂಮಿಗೆ ಹೋದದ್ದು, ಬಂದದ್ದು, ಮೊದಲ ಎಚ್ಚರಿಕೆ ಚೀಟಿ, ಆರ್ಟಿಕಲ್ 15 ಶಿಕ್ಷೆ (ಕೋರ್ಟ್ ಇಲ್ಲದೆ ಕಮಾಂಡರ್ ಕೊಡುವುದು), ಡಾಕ್ಟರ ಹತ್ತಿರ ಹೋದದ್ದು, ಡಿಸ್ಚಾರ್ಜ್ ನೋಟಿಸ್. ಎಲ್ಲ ಒಂದೇ ಗೆರೆಯ ಮೇಲೆ. ಇದನ್ನು ಮಾಡದೆ ಮುಂದಕ್ಕೆ ಹೋದವರು ಎಡವುತ್ತಾರೆ.

ನಮ್ಮ ಹುಡುಗನ ಪಟ್ಟಿ ಹೀಗೆ ಕಾಣುತ್ತದೆ ಅಂದುಕೊಳ್ಳಿ. ಎರಡು ವರ್ಷ ಒಂದೂ ದೂರು ಇಲ್ಲ, ಒಂದು ಬಡ್ತಿ. ಅಫ್ಘಾನಿಸ್ತಾನ. ವಾಪಸ್ ಬಂದ ಆರನೇ ವಾರಕ್ಕೆ ನಿದ್ದೆ ಬರುತ್ತಿಲ್ಲ ಅಂತ ಬೇಸ್ ಕ್ಲಿನಿಕ್‌ನಲ್ಲಿ ಒಂದು ಸಾಲು. ಮೂರನೇ ತಿಂಗಳು ತಡವಾಗಿ ಬಂದದ್ದಕ್ಕೆ ಮೊದಲ ಎಚ್ಚರಿಕೆ. ಐದನೇ ತಿಂಗಳು ಗಾಂಜಾ. ಆ ಕ್ಲಿನಿಕ್‌ನ ಒಂದು ಸಾಲು ಅವನಿಗೇ ಮರೆತುಹೋಗಿತ್ತು. ಇಡೀ ಕೇಸು ನಿಲ್ಲುವುದು ಅದರ ಮೇಲೆ.

ಕಡತದಲ್ಲಿ ನಿಮ್ಮ ವಿರುದ್ಧ ಇರುವುದನ್ನೂ ಅಷ್ಟೇ ಗಮನವಾಗಿ ಓದಿ. ಮೂರು ಎಚ್ಚರಿಕೆ ಚೀಟಿ ಅಂದುಕೊಂಡಿದ್ದು ಏಳು ಇರಬಹುದು. ಅಲ್ಲಿ ಏಳಿದ್ದು ನೀವು ಮೂರು ಅಂತ ಬರೆದರೆ ನಿಮ್ಮ ಉಳಿದ ಮಾತೂ ನಂಬಿಕೆ ಕಳೆದುಕೊಳ್ಳುತ್ತದೆ.

4. ವಾದ ಯಾವುದು ಅಂತ ತೀರ್ಮಾನಿಸಿ

ಬೋರ್ಡ್ ಎರಡು ಪ್ರಶ್ನೆಗೆ ಮಾತ್ರ ಕಿವಿ ಕೊಡುತ್ತದೆ. ಕ್ರಮದಲ್ಲಿ ತಪ್ಪಾಗಿತ್ತೇ? ಕ್ರಮ ಸರಿ ಇದ್ದರೂ ಶಿಕ್ಷೆ ಅನ್ಯಾಯವಾಗಿತ್ತೇ?

ಮೊದಲನೆಯದು ನಿಯಮದ ಮಾತು. ಆಡಳಿತದ ಮಟ್ಟದಲ್ಲಿ ಓಟಿಎಚ್ ಕೊಡುವಾಗ ಸೈನಿಕನಿಗೆ ವಿಚಾರಣಾ ಮಂಡಳಿಯ ಮುಂದೆ ಬರುವ ಹಕ್ಕು ಕೊಡಬೇಕು. ಕೊಟ್ಟರಾ, ನೀವೇ ಸಹಿ ಹಾಕಿ ಬಿಟ್ಟುಕೊಟ್ಟಿರಾ? ಹಿಂದಿನ 24 ತಿಂಗಳಲ್ಲಿ ಕಾರ್ಯಾಚರಣೆಗೆ ಹೊರದೇಶಕ್ಕೆ ಹೋಗಿ ಬಂದವರು ಪಿಟಿಎಸ್‌ಡಿ (ಯುದ್ಧದಂಥ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಅಥವಾ ತಲೆಗೆ ಬಿದ್ದ ಪೆಟ್ಟಿನ ತೊಂದರೆ ಇದೆ ಅಂತ ಹೇಳಿದ್ದರೆ, ಓಟಿಎಚ್ ದರ್ಜೆಯಲ್ಲಿ ಆಡಳಿತದ ಮಟ್ಟದಲ್ಲಿ ಹೊರಹಾಕುವ ಮುಂಚೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು ಅಂತ ಕಾನೂನೇ ಇದೆ. ಮಾಡಿಸಿದ ಕಾಗದ ಕಡತದಲ್ಲಿ ಇದೆಯಾ? ಇಲ್ಲ ಅಂದರೆ ಅದನ್ನು ಮೊದಲ ಅಂಶ ಮಾಡಿ. ಆದರೆ ಸಣ್ಣಪುಟ್ಟ ಕಾಗುಣಿತದ ತಪ್ಪು ಹಿಡಿದು ಜಗ್ಗಬೇಡಿ. ಆ ತಪ್ಪು ಆಗದೆ ಇದ್ದಿದ್ದರೆ ಫಲಿತಾಂಶ ಬೇರೆ ಆಗುತ್ತಿತ್ತು ಅಂತ ತೋರಿಸಬೇಕು.

ಎರಡನೆಯದರಲ್ಲೇ ಬಹಳ ಜನರ ಕೇಸು ಬರುತ್ತದೆ. ಇದಕ್ಕೆ ರಕ್ಷಣಾ ಇಲಾಖೆಯ ಮೂರು ಸುತ್ತೋಲೆ ಆಧಾರ. 2014ರದ್ದು ಹೇಗಲ್ ಮೆಮೊ, ಪಿಟಿಎಸ್‌ಡಿ ಕೇಸುಗಳನ್ನು ಧಾರಾಳವಾಗಿ ನೋಡಿ ಅಂತ. 2017ರದ್ದು ಕುರ್ಟಾ ಮೆಮೊ, ಅದನ್ನು ಇನ್ನೂ ಬಿಡಿಸಿ ಹೇಳುತ್ತದೆ. 2018ರದ್ದು ವಿಲ್ಕಿ ಮೆಮೊ, ಮನಸ್ಸಿನ ಕಾಯಿಲೆ ಇಲ್ಲದವರಿಗೂ ಅನ್ವಯ. ಮೂರೂ ಡೌನ್‌ಲೋಡ್ ಮಾಡಿ ಓದಿ, ಉದ್ದ ಇಲ್ಲ.

ಕುರ್ಟಾ ಮೆಮೊದಲ್ಲಿ ನಾಲ್ಕು ಪ್ರಶ್ನೆ ಇವೆ. ತಪ್ಪನ್ನು ಕ್ಷಮಿಸುವ ಅಥವಾ ಹಗುರ ಮಾಡುವ ಕಾಯಿಲೆಯೋ ಅನುಭವವೋ ನಿಮಗೆ ಇತ್ತಾ? ಅದು ಸೇವೆಯ ಅವಧಿಯಲ್ಲೇ ಇತ್ತಾ? ಅದು ನಿಜವಾಗಿಯೂ ಈ ತಪ್ಪನ್ನು ಹಗುರ ಮಾಡುತ್ತದಾ? ತಪ್ಪಿಗಿಂತ ಅದರ ತೂಕ ಜಾಸ್ತಿಯಾ? ಪಿಟಿಎಸ್‌ಡಿ, ತಲೆಪೆಟ್ಟು, ಬೇರೆ ಮಾನಸಿಕ ತೊಂದರೆ, ಲೈಂಗಿಕ ದೌರ್ಜನ್ಯ, ಲೈಂಗಿಕ ಕಿರುಕುಳ ಎಲ್ಲ ಇದರೊಳಗೆ ಬರುತ್ತವೆ.

ಸೋಲುವವರು ಸೋಲುವುದು ಮೂರನೆಯದರಲ್ಲಿ. "ನನಗೆ ಪಿಟಿಎಸ್‌ಡಿ ಇದೆ" ಅಂತ ಸರ್ಟಿಫಿಕೇಟ್ ಇಡುತ್ತಾರೆ, ಅದಕ್ಕೂ ಗಾಂಜಾಕ್ಕೂ ಏನು ಸಂಬಂಧ ಅಂತ ಹೇಳುವುದೇ ಇಲ್ಲ. ಬೋರ್ಡ್ ತಾನಾಗಿ ಆ ಗಂಟು ಹಾಕುವುದಿಲ್ಲ. ನಿದ್ದೆ ಇಲ್ಲದೆ, ಡಾಕ್ಟರ ಹತ್ತಿರ ಹೋಗಲು ನಾಚಿಕೆಯಾಗಿ ತಾನೇ ಔಷಧಿ ಮಾಡಿಕೊಂಡ ಹಾಗೆ ಸೇದಿದ ಅಂದರೆ ಸಂಬಂಧ ಇದೆ, ಮೆಮೊ ಇದನ್ನು ಪರಿಗಣಿಸಲು ಹೇಳುತ್ತದೆ. ಅದೇ ಮೂರು ತಿಂಗಳು ಯೋಜನೆ ಹಾಕಿ ಉಗ್ರಾಣದಿಂದ ಸಾಮಾನು ಕದ್ದು ಮಾರಿದ ಅಂದರೆ ಪಿಟಿಎಸ್‌ಡಿ ಕೈ ಹಿಡಿಯುವುದು ಕಷ್ಟ. ಮೊದಲೇ ಯೋಚಿಸಿ ಮಾಡಿದ ತಪ್ಪಿಗೆ ಪಿಟಿಎಸ್‌ಡಿ ಸಾಮಾನ್ಯವಾಗಿ ಕಾರಣವಾಗುವುದಿಲ್ಲ ಅಂತ ಸುತ್ತೋಲೆಯೇ ಹೇಳುತ್ತದೆ. ಅಂಥವರು ವಿಲ್ಕಿ ಮೆಮೊ ಹಿಡಿಯಬೇಕು: ಶಿಕ್ಷೆ ಅಗತ್ಯಕ್ಕಿಂತ ಹೆಚ್ಚಾಗಿದೆ, ಆಮೇಲೆ ನಾನು ಹೀಗೆ ಬದುಕಿದ್ದೇನೆ ಅನ್ನುವ ದಾರಿ.

ವಿಲ್ಕಿ ಮೆಮೊದಲ್ಲಿ ನಮ್ಮ ಹುಡುಗನಿಗೆ ಸರಿಯಾಗಿ ಒಪ್ಪುವ ಮಾತೊಂದಿದೆ. ಗಾಂಜಾ ಸೇವನೆ ಸೇನೆಯಲ್ಲಿ ಈಗಲೂ ಕಾನೂನುಬಾಹಿರವೇ, ಆದರೆ ಕೆಲವು ರಾಜ್ಯಗಳಲ್ಲಿ ಕಾನೂನುಬದ್ಧವಾಗಿರುವುದರಿಂದ ಅದನ್ನು ದಶಕಗಳ ಹಿಂದಿನಷ್ಟು ಗಂಭೀರವಾಗಿ ನೋಡದೆ ಇರಬಹುದು ಅಂತ. ದೊಡ್ಡ ಡಿಗ್ರಿ, ದೊಡ್ಡ ಕೆಲಸ ಇದ್ದರೇ ಪರಿಹಾರ ಅಂತಲ್ಲ, ನಡತೆ ಮುಖ್ಯ ಅಂತಲೂ ಇದೆ. ನಮ್ಮ ಜನ ಮಗ ಎಂಜಿನಿಯರ್ ಆಗದೆ ಅರ್ಜಿ ಹಾಕುವುದು ಹೇಗೆ ಅಂತ ಯೋಚಿಸುತ್ತಾರೆ. ಟ್ರಕ್ ಓಡಿಸಿಕೊಂಡು ಬಾಡಿಗೆ ಕಟ್ಟಿ, ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವವನ ಕೇಸೂ ಗಟ್ಟಿಯೇ.

5. ಸಾಕ್ಷಿ ಕೂಡಿಸಿ

ವೈದ್ಯಕೀಯ ಸಾಕ್ಷಿ ಮೊದಲು. ವಿಎ ಈಗಾಗಲೇ ನಿಮ್ಮ ಪಿಟಿಎಸ್‌ಡಿ ಸೇವೆಯಿಂದಲೇ ಬಂದದ್ದು ಅಂತ ಒಪ್ಪಿದ್ದರೆ ಆ ಪತ್ರಕ್ಕೆ ಬೋರ್ಡ್ ಮುಂದೆ ತೂಕ ಇದೆ. ಇಲ್ಲದಿದ್ದರೆ ಮನೋವೈದ್ಯರ ಅಥವಾ ಮನಃಶಾಸ್ತ್ರಜ್ಞರ ಪತ್ರ. ಅವರಿಗೆ ಬರೀ "ಪತ್ರ ಕೊಡಿ" ಅನ್ನಬೇಡಿ. ನಿಮ್ಮ ಡಿಡಿ-214, ತಾರೀಖಿನ ಪಟ್ಟಿ, ಕ್ಲಿನಿಕ್‌ನ ಆ ಸಾಲು, ನಾಲ್ಕು ಪ್ರಶ್ನೆ ಎಲ್ಲ ಮುಂದಿಟ್ಟು, ಇದನ್ನು ಓದಿ ಆಮೇಲೆ ಅಭಿಪ್ರಾಯ ಬರೆಯಿರಿ ಅಂತ ಕೇಳಿ. ನಿಮ್ಮ ಸ್ವಂತ ಮಾತೂ ಸಾಕ್ಷಿಯೇ ಅಂತ ಕುರ್ಟಾ ಮೆಮೊ ಹೇಳುತ್ತದೆ, ಆದರೆ ಕಾಗದ ಇದ್ದರೆ ಮಾತಿಗೆ ಬಲ.

ಆಮೇಲೆ ಜೊತೆಗಿದ್ದವರ ಪತ್ರ. ಒಂದೇ ಪ್ಲಟೂನಿನವನು "ಒಳ್ಳೇ ಹುಡುಗ" ಅಂದರೆ ಪ್ರಯೋಜನ ಇಲ್ಲ. "ಆ ಸ್ಫೋಟದ ದಿನ ಇವನು ನನ್ನ ಹಿಂದಿನ ಗಾಡಿಯಲ್ಲಿದ್ದ, ಅವತ್ತಿಂದ ಊಟಕ್ಕೆ ಬರುವುದು ಬಿಟ್ಟ" ಅಂತ ಕಂಡದ್ದು ಬರೆಯಬೇಕು. ಮೊದಲು ಹೇಗಿದ್ದ, ಆಮೇಲೆ ಹೇಗಾದ ಅನ್ನುವುದೇ ಬೇಕಾದ್ದು.

ಇದನ್ನು ಮನೆಯವರಿಗಿಂತ ಚೆನ್ನಾಗಿ ಹೇಳುವವರು ಯಾರು? ಆದರೆ ನಮ್ಮ ಅಮ್ಮಂದಿರು ಪತ್ರ ಬರೆಯಲು ಹಿಂಜರಿಯುತ್ತಾರೆ, ಇಂಗ್ಲಿಷ್ ಸರಿ ಬರಲ್ಲ ಅಂತ. ಕನ್ನಡದಲ್ಲೇ ಬರೆಸಿ, ಸಹಿ ಹಾಕಿಸಿ, ಇಂಗ್ಲಿಷ್ ಅನುವಾದ ಲಗತ್ತಿಸಿ. ಅನುವಾದ ಮಾಡಿದವರು ತಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿ ಇದೆ ಅಂತ ಕೆಳಗೆ ಬರೆದು ಸಹಿ ಹಾಕಲಿ. ನೀವೇ ಅನುವಾದಿಸಬೇಡಿ. "ರಾತ್ರಿ ಮೂರು ಗಂಟೆಗೆ ಎದ್ದು ಹಿತ್ತಲ ಬಾಗಿಲ ಹತ್ತಿರ ಕೂತಿರುತ್ತಿದ್ದ, ಪಟಾಕಿ ಹೊಡೆದರೆ ದೇವರ ಮನೆಗೆ ಓಡುತ್ತಿದ್ದ, ಆ ದೀಪಾವಳಿಯಿಂದ ನಾವು ಪಟಾಕಿ ನಿಲ್ಲಿಸಿದೆವು" ಅಂತ ಒಬ್ಬ ತಾಯಿ ಬರೆದರೆ ಅದು ನಾಲ್ಕು ಸರ್ಟಿಫಿಕೇಟಿಗೆ ಸಮ.

ಕೊನೆಗೆ ಈಗಿನ ಬದುಕು. ಕೆಲಸದ ಪತ್ರ, ಕಾಲೇಜಿನ ಅಂಕಪಟ್ಟಿ, ಕುಡಿತ ಬಿಟ್ಟ ಕಾರ್ಯಕ್ರಮದ ದಾಖಲೆ, ಪೊಲೀಸ್ ದಾಖಲೆ ಏನೂ ಇಲ್ಲ ಅನ್ನುವ ಕಾಗದ, ಕನ್ನಡ ಕೂಟದಲ್ಲಿ ಸ್ವಯಂಸೇವೆ ಮಾಡಿದ್ದರೆ ಅದೂ. ಪತ್ರ ಬರೆಯುವವರಿಗೆ ನಿಮ್ಮ ತಪ್ಪು ಏನು ಅಂತ ಗೊತ್ತಿರಬೇಕು. ಗೊತ್ತಿಲ್ಲದೆ ಹೊಗಳಿದ ಪತ್ರಕ್ಕೆ ಬೆಲೆ ಕಡಿಮೆ. ಇಲ್ಲಿ ಮತ್ತೆ ಆ ಸೂಟ್‌ಕೇಸಿನ ಸಮಸ್ಯೆ ಬರುತ್ತದೆ, ಯಾರಿಗೂ ಹೇಳದೆ ಮುಚ್ಚಿಟ್ಟವರಿಗೆ ಪತ್ರ ಬರೆಯುವವರೇ ಸಿಗುವುದಿಲ್ಲ. ಒಬ್ಬಿಬ್ಬರಿಗಾದರೂ ಹೇಳಲೇಬೇಕು.

6. ನಿಮ್ಮ ಹೇಳಿಕೆ ಬರೆಯಿರಿ

ಮೂರರಿಂದ ಐದು ಪುಟ ಸಾಕು. ತಾರೀಖಿನ ಕ್ರಮದಲ್ಲೇ ಹೋಗಿ.

ಹೆಚ್ಚಿನವರು ಬರೆಯುವುದು ಹೀಗೆ: "ನನ್ನ ಸಾರ್ಜೆಂಟ್‌ಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಎಲ್ಲರೂ ಸೇದುತ್ತಿದ್ದರು, ನಾನೊಬ್ಬ ಸಿಕ್ಕಿಬಿದ್ದೆ. ನನ್ನ ಜೀವನ ಹಾಳಾಯಿತು." ಮೂರು ವಾಕ್ಯ, ಮೂರೂ ತಿರುಗಿ ನಿಮಗೇ ಬಡಿಯುತ್ತವೆ. ಒಂದನೆಯದು ಬೇರೆಯವರ ಮೇಲೆ ಗೂಬೆ ಕೂರಿಸುತ್ತದೆ, ಎರಡನೆಯದು ತಪ್ಪನ್ನು ಸಣ್ಣದು ಮಾಡುತ್ತದೆ, ಮೂರನೆಯದು ನಿಜವೇ ಇರಬಹುದು, ಆದರೆ ಬೋರ್ಡ್‌ಗೆ ಅದು ಕಾರಣ ಅಲ್ಲ.

ಇದನ್ನೇ ಹೀಗೆ ಬರೆಯಬಹುದು: "ಮಾರ್ಚ್‌ನಲ್ಲಿ ಪರೀಕ್ಷೆಯಲ್ಲಿ ಗಾಂಜಾ ಸಿಕ್ಕಿತು. ನಾನು ಸೇದಿದ್ದು ನಿಜ, ಅದು ತಪ್ಪು. ಅದಕ್ಕೆ ಸುಮಾರು ಮೂರೂವರೆ ತಿಂಗಳ ಮುಂಚೆ ನಿದ್ದೆ ಬರುತ್ತಿಲ್ಲ ಅಂತ ಬೇಸ್ ಕ್ಲಿನಿಕ್‌ಗೆ ಹೋಗಿದ್ದೆ, ಎರಡನೇ ಸಲ ಹೋಗಲಿಲ್ಲ, ಜೊತೆಯವರು ನಗುತ್ತಾರೆ ಅಂತ. ಸೇದಿದರೆ ಮೂರು ಗಂಟೆ ನಿದ್ದೆ ಬರುತ್ತಿತ್ತು. ಲಗತ್ತು 4 ನೋಡಿ." ತಪ್ಪು ಒಪ್ಪಿಕೊಂಡದ್ದೂ ಆಯಿತು, ಕಾರಣವೂ ಬಂತು, ಕಾಗದಕ್ಕೆ ಬೆರಳು ತೋರಿಸಿದ್ದೂ ಆಯಿತು. ಪ್ರತಿ ಮುಖ್ಯ ಮಾತಿನ ಕೊನೆಗೆ ಲಗತ್ತಿನ ಸಂಖ್ಯೆ ಬರಲಿ.

ಮಾಡದ ತಪ್ಪನ್ನು ಒಪ್ಪಿಕೊಳ್ಳಿ ಅಂತ ಹೇಳುತ್ತಿಲ್ಲ. ನಿಜವಾಗಿ ಮಾಡಿಲ್ಲದಿದ್ದರೆ ಸಾಕ್ಷಿ ಇಟ್ಟು ನೇರವಾಗಿ ಅಲ್ಲಗಳೆಯಿರಿ. ಅರ್ಧ ಒಪ್ಪಿ ಅರ್ಧ ಜಾರಿಕೊಳ್ಳುವುದೇ ಕೆಟ್ಟದ್ದು.

7. ಈಗ ಫಾರ್ಮ್

ಇಷ್ಟಾದ ಮೇಲೆ ಫಾರ್ಮ್ ತುಂಬಿಸುವುದು ಅರ್ಧ ಗಂಟೆಯ ಕೆಲಸ. ಏನು ಬೇಕು ಅನ್ನುವ ಜಾಗದಲ್ಲಿ ಆ ಹಳೆಯ ಚೀಟಿ ನೋಡಿ ಬರೆಯಿರಿ: ದರ್ಜೆ ಆನರಬಲ್, ಕಾರಣ ಬದಲಾವಣೆ, ಕೋಡ್‌ಗಳು ಅದಕ್ಕೆ ತಕ್ಕಂತೆ. ಆನರಬಲ್ ಆಗದಿದ್ದರೆ ಜನರಲ್ ಆದರೂ ಅಂತ ಪರ್ಯಾಯವಾಗಿ ಕೇಳಬಹುದು.

ಪಿಟಿಎಸ್‌ಡಿ, ತಲೆಪೆಟ್ಟು, ಲೈಂಗಿಕ ದೌರ್ಜನ್ಯ ಇತ್ಯಾದಿ ಗುರುತು ಹಾಕುವ ಚೌಕಗಳಿವೆ. ನಿಮಗೆ ಅನ್ವಯಿಸುವುದಾದರೆ ತಪ್ಪದೆ ಹಾಕಿ. ಅಂಥ ಕೇಸುಗಳನ್ನು ಮಾನಸಿಕ ಆರೋಗ್ಯದ ತಜ್ಞರು ನೋಡಬೇಕಾಗುತ್ತದೆ. ಎಲ್ಲದಕ್ಕೂ ಗುರುತು ಹಾಕಿ ಹೇಳಿಕೆಯಲ್ಲಿ ಒಂದು ಸಾಲೂ ಬರೆಯದೆ ಬಿಟ್ಟರೆ ಅನುಮಾನ ಹುಟ್ಟುತ್ತದೆ.

ಮೇಲೆ ಒಂದು ಪುಟದ ಪತ್ರ, ಆಮೇಲೆ ಲಗತ್ತುಗಳ ಪಟ್ಟಿ, ಆಮೇಲೆ ಸಂಖ್ಯೆ ಹಾಕಿದ ಲಗತ್ತುಗಳು. ಮೂಲ ಪ್ರತಿ ಕಳಿಸಬೇಡಿ. ಸಹಿ ಮರೆಯಬೇಡಿ. ತಮಾಷೆ ಅಲ್ಲ, ಸಹಿ ಇಲ್ಲದೆ ವಾಪಸ್ ಬರುವ ಅರ್ಜಿಗಳಿವೆ. ಅಂಚೆಯಲ್ಲಾದರೆ ಟ್ರ್ಯಾಕಿಂಗ್ ಇರಲಿ, ಆನ್‌ಲೈನ್ ಆದರೆ ಕೊನೆಯ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮನೆ ಬದಲಿಸಿದರೆ ಬೋರ್ಡ್‌ಗೆ ತಿಳಿಸಿ, ಅವರ ಪತ್ರ ಹಳೆ ವಿಳಾಸಕ್ಕೆ ಹೋಗಿ ಗಡುವು ತಪ್ಪಿದವರು ಕಡಿಮೆ ಇಲ್ಲ.

ವಕೀಲರು ಬೇಕಾ? ಕಡ್ಡಾಯ ಇಲ್ಲ. ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್, ಅಮೆರಿಕನ್ ಲೀಜನ್ ಥರದ ಸಂಸ್ಥೆಗಳು ಪುಕ್ಕಟೆ ಸಹಾಯ ಮಾಡುತ್ತವೆ. ಯೇಲ್, ಹಾರ್ವರ್ಡ್ ಥರದ ಕಾನೂನು ಕಾಲೇಜುಗಳಲ್ಲಿ ಮಾಜಿ ಸೈನಿಕರಿಗೆ ಉಚಿತ ಕ್ಲಿನಿಕ್ ಇವೆ. ಕೋರ್ಟ್ ಮಾರ್ಷಲ್ ಕೇಸಾದರೆ ವಕೀಲರಿಲ್ಲದೆ ಹೋಗಬೇಡಿ. "ಗ್ಯಾರಂಟಿ ಅಪ್‌ಗ್ರೇಡ್, ಮುಂಗಡ ಇಷ್ಟು ಕೊಡಿ" ಅಂದವರು ಕಂಡರೆ ಫೋನ್ ಇಟ್ಟುಬಿಡಿ. ಗ್ಯಾರಂಟಿ ಕೊಡುವುದು ಯಾರ ಕೈಯಲ್ಲೂ ಇಲ್ಲ.

8. ವಿಚಾರಣೆ ಸಿಕ್ಕರೆ

ರಿವ್ಯೂ ಬೋರ್ಡ್‌ನಲ್ಲಿ ಕೆಲವು ಸದಸ್ಯರು ಇರುತ್ತಾರೆ, ಬಹುಮತದ ತೀರ್ಮಾನ. ಈಗ ಫೋನ್ ಅಥವಾ ವಿಡಿಯೊ ಮೂಲಕವೂ ನಡೆಯುತ್ತದೆ. ಖರ್ಚಿದ್ದರೆ ನಿಮ್ಮದೇ. ಹೇಳದೆ ತಪ್ಪಿಸಿಕೊಂಡರೆ ವಿಚಾರಣೆಯ ಹಕ್ಕೇ ಹೋಗುತ್ತದೆ, ಬರಲಾಗದಿದ್ದರೆ ಮೊದಲೇ ಮುಂದೂಡಲು ಕೇಳಿ.

ನಮ್ಮವರಲ್ಲಿ ಕಾಣುವ ಒಂದು ಅಭ್ಯಾಸ ಇಲ್ಲಿ ತೊಂದರೆ ಕೊಡುತ್ತದೆ. ದೊಡ್ಡವರು ಕೇಳಿದರೆ ತಲೆ ತಗ್ಗಿಸಿ "ಎಸ್ ಸರ್" ಅಂತ ಮುಗಿಸಿಬಿಡುವುದು. ಅವರಿಗೆ ನಿಮ್ಮ ಬಾಯಿಂದ ಕೇಳಬೇಕಿರುತ್ತದೆ. "ಆ 11 ದಿನ ಎಲ್ಲಿದ್ದೆ? ಯಾಕೆ ಹೋದೆ? ಯಾಕೆ ವಾಪಸ್ ಬಂದೆ?" ಈ ಮೂರಕ್ಕೆ ಜೋರಾಗಿ ಉತ್ತರ ಹೇಳಿ ಅಭ್ಯಾಸ ಮಾಡಿ, ಗೆಳೆಯನನ್ನು ಎದುರಿಗೆ ಕೂರಿಸಿಕೊಂಡು. ಅಳು ಬಂದರೆ ಪರವಾಗಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ.

9. ಕಾಯುವಾಗ ಸುಮ್ನೆ ಕೂರಬೇಡಿ

ವಿಎ ಸೌಲಭ್ಯಕ್ಕೂ ಈ ಬೋರ್ಡ್‌ಗೂ ನೇರ ಸಂಬಂಧ ಇಲ್ಲ. ಓಟಿಎಚ್ ಇದ್ದರೂ ವಿಎಗೆ ಅರ್ಜಿ ಹಾಕಬಹುದು, ಅವರು ನಿಮ್ಮ ಸೇವೆಯನ್ನು ತಾವೇ ಬೇರೆಯಾಗಿ ಅಳೆಯುತ್ತಾರೆ. ಕೌಂಟರಿನಲ್ಲಿ ಯಾರೋ "ಓಟಿಎಚ್ ಆದರೆ ಇಲ್ಲ" ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಅದು ತೀರ್ಮಾನ ಅಲ್ಲ, ಬರೆದು ಕೊಡಿ ಅನ್ನಿ. ಮನಸ್ಸು ತೀರಾ ಕುಗ್ಗಿ ಜೀವ ತೆಗೆದುಕೊಳ್ಳುವ ಯೋಚನೆ ಬಂದರೆ 988ಕ್ಕೆ ಫೋನ್ ಮಾಡಿ 1 ಒತ್ತಿ, ಅಲ್ಲಿ ಯಾರೂ ನಿಮ್ಮ ಡಿಸ್ಚಾರ್ಜ್ ಕೇಳುವುದಿಲ್ಲ. ಜಿಐ ಬಿಲ್‌ನ ಕಾಲೇಜು ದುಡ್ಡಿಗೆ ಮಾತ್ರ ಪೂರ್ತಿ ಆನರಬಲ್ ಬೇಕು, ಜನರಲ್ ಸಾಲದು. ಓದುವ ಆಸೆ ಇದ್ದವರು ಇದನ್ನು ನೆನಪಿಟ್ಟು ಅರ್ಜಿಯಲ್ಲಿ ಕೇಳಬೇಕು.

ಗ್ರೀನ್ ಕಾರ್ಡ್ ಮೇಲೆ ಸೇರಿದವರಿಗೆ ಇನ್ನೊಂದು ಎಚ್ಚರಿಕೆ, ಇದು ನಮ್ಮವರಿಗೆ ಬಹಳ ಮುಖ್ಯ. ಸೈನಿಕ ಸೇವೆಯ ಆಧಾರದ ಮೇಲೆ ಪೌರತ್ವ ಬೇಕಾದರೆ ಆನರಬಲ್ ಅಥವಾ ಜನರಲ್ ಬೇಕು. ಆ ದಾರಿಯಲ್ಲಿ ಈಗಾಗಲೇ ಪೌರತ್ವ ಸಿಕ್ಕಿದ್ದರೂ, ಒಟ್ಟು ಐದು ವರ್ಷ ಸೇವೆ ಮುಗಿಸುವ ಮುಂಚೆ ಓಟಿಎಚ್ ಆದರೆ ಅದನ್ನು ವಾಪಸ್ ಪಡೆಯಲು ಕಾನೂನಿನಲ್ಲಿ ಅವಕಾಶ ಇದೆ. ಡ್ರಗ್ ವಿಷಯ ಇದ್ದರಂತೂ ಹೇಳಿಕೆಯಲ್ಲಿ ಏನು ಒಪ್ಪಿಕೊಳ್ಳುತ್ತೀರಿ ಅನ್ನುವುದು ವಲಸೆ ಕೇಸಿಗೂ ತಾಗಬಹುದು. ಆರನೇ ಹಂತದ ಹೇಳಿಕೆಗೆ ಸಹಿ ಹಾಕುವ ಮುಂಚೆ ಇಮಿಗ್ರೇಷನ್ ವಕೀಲರಿಗೆ ತೋರಿಸಿ. ಊರಿಗೆ ಹೋಗಿ ಬರೋಣ ಅಂತ ಟಿಕೆಟ್ ತೆಗೆಯುವ ಮುಂಚೆಯೂ.

10. ಉತ್ತರ ಬಂದ ಮೇಲೆ

ಇಲ್ಲ ಅಂತ ಬಂದರೆ ತೀರ್ಮಾನದ ಪ್ರತಿಯನ್ನು ಪೆನ್ ಹಿಡಿದು ಓದಿ. ಯಾವ ಪ್ರಶ್ನೆಯಲ್ಲಿ ಬಿದ್ದಿರಿ ಅಂತ ಅದರಲ್ಲೇ ಇರುತ್ತದೆ. ಮುಂದಿನ ಮೆಟ್ಟಿಲು ವಿಚಾರಣೆ, ಅದೂ ಆಗಿದ್ದರೆ ದಾಖಲೆ ತಿದ್ದುವ ಬೋರ್ಡ್. ಅಲ್ಲೂ ಸೋತರೆ ಮರುಪರಿಶೀಲನೆ ಕೇಳಬಹುದು, ಆದರೆ ಹೊಸ ಸಾಕ್ಷಿ ಬೇಕು, ಅದೇ ಕಾಗದ ಮತ್ತೆ ಕಳಿಸಿದರೆ ಅದೇ ಉತ್ತರ. 2019ರ ಡಿಸೆಂಬರ್ 20 ಮತ್ತು ಅದರ ನಂತರ ಹೊರಬಂದವರಿಗೆ ಇವೆಲ್ಲ ಮುಗಿದ ಮೇಲೆ ಡಿಸ್ಚಾರ್ಜ್ ಅಪೀಲ್ ರಿವ್ಯೂ ಬೋರ್ಡ್ ಅಂತ ಇನ್ನೊಂದು ಮೆಟ್ಟಿಲಿದೆ. ಫೆಡರಲ್ ಕೋರ್ಟ್‌ಗೂ ಹೋಗಬಹುದು, ಸಾಮಾನ್ಯವಾಗಿ ಆರು ವರ್ಷದ ಗಡುವು, ಅದು ವಕೀಲರ ಕೆಲಸ.

ನಿಮ್ಮಂಥ ಬೇರೆ ಕೇಸುಗಳಲ್ಲಿ ಬೋರ್ಡ್ ಏನು ಬರೆದಿದೆ ಅಂತ ನೋಡಬೇಕಾ? ಹಳೆಯ ತೀರ್ಮಾನಗಳನ್ನು ಹೆಸರು ತೆಗೆದು ಆನ್‌ಲೈನ್ ರೀಡಿಂಗ್ ರೂಮ್‌ನಲ್ಲಿ ಹಾಕಿದ್ದಾರೆ. ನಿಜ ಹೇಳಬೇಕೆಂದರೆ ಇದನ್ನು ನಾಲ್ಕನೇ ಹಂತದಲ್ಲೇ ಮಾಡಬೇಕು. ಗೆದ್ದ ಐದು, ಸೋತ ಐದು ಓದಿದರೆ ಸಾಕು, ಬೋರ್ಡ್ ಹೇಗೆ ಯೋಚಿಸುತ್ತದೆ ಅಂತ ತಿಳಿಯುತ್ತದೆ.

ಗೆದ್ದರೆ ಹೊಸ ಡಿಡಿ-214 ಬರುತ್ತದೆ. ಸಿಹಿ ಹಂಚುವ ಮುಂಚೆ 24, 25, 26, 27, 28 ಒಂದೊಂದಾಗಿ ತಾಳೆ ನೋಡಿ, ಬೋರ್ಡ್ ಹೇಳಿದ್ದೆಲ್ಲ ಬಂದಿದೆಯಾ ಅಂತ. ಪದಕಗಳ ಚೌಕ ಹಳೆಯದರಲ್ಲಿ ಇದ್ದ ಹಾಗೇ ಇದೆಯಾ ನೋಡಿ. ಹಾಗೇ ನಿಮ್ಮ ಹೆಸರು. ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿದ ನಮ್ಮ ಉದ್ದ ಹೆಸರುಗಳಲ್ಲಿ ಒಂದು ಅಕ್ಷರ ಆಚೀಚೆ ಆಗಿದ್ದರೂ ವಿಎ ಕಂಪ್ಯೂಟರಿನಲ್ಲಿ ನೀವು ಬೇರೆ ಮನುಷ್ಯ ಆಗಿಬಿಡಬಹುದು, ಅದನ್ನು ತಿದ್ದಿಸಲು ಡಿಡಿ-215 ಅಂತ ಇನ್ನೊಂದು ಕಾಗದಕ್ಕೆ ಕಾಯಬೇಕಾಗುತ್ತದೆ.